ಮೊದಲು ಜಾಗ, ಆಮೇಲೆ ಮಣ್ಣು: ಮನೆಯಲ್ಲಿ ಹೂ ಬೆಳೆಯುವವರಿಗೆ ಟಿಪ್ಪಣಿ

ಹೂಗಿಡದ ಪಾಠಗಳು ಸಾಮಾನ್ಯವಾಗಿ ಮಣ್ಣಿನಿಂದ ಶುರುವಾಗುತ್ತವೆ. ಇಲ್ಲಿ ಆ ಕ್ರಮವನ್ನು ತಿರುವುಮುರುವು ಮಾಡಿದ್ದೇನೆ. ಮಣ್ಣು ಸರಿಯಿಲ್ಲದಿದ್ದರೆ ಗೊಬ್ಬರ ಬೆರೆಸಬಹುದು, ಕುಂಡವನ್ನೇ ಖಾಲಿ ಮಾಡಿ ಹೊಸದಾಗಿ ತುಂಬಬಹುದು. ಬಿಸಿಲನ್ನು ಹೊತ್ತು ತಂದು ಹಾಕಲು ಬರುವುದಿಲ್ಲ. ಆದ್ದರಿಂದ ಮೊದಲು ಜಾಗ ನೋಡಬೇಕು, ಅದಕ್ಕೆ ಒಗ್ಗುವ ಗಿಡ ಆರಿಸಬೇಕು, ಮಣ್ಣಿನ ಹದ ಕೊನೆಗೆ.

ಬಿಸಿಲಿನ ಲೆಕ್ಕ

ದಿನಕ್ಕೆ ಕನಿಷ್ಠ 6 ಗಂಟೆ ನೇರ ಬಿಸಿಲು ಬಿದ್ದರೆ ಅದು ಪೂರ್ಣ ಬಿಸಿಲಿನ ಜಾಗ. 3ರಿಂದ 6 ಗಂಟೆಯಾದರೆ ಅರೆನೆರಳು, ಅದಕ್ಕೂ ಕಡಿಮೆಯಾದರೆ ನೆರಳು. ಗಂಟೆಗಳು ಒಂದೇ ಸಮನೆ ಬರಬೇಕೆಂದಿಲ್ಲ. ಬೆಳಿಗ್ಗೆ ಮೂರು, ಮಧ್ಯಾಹ್ನ ಮೂರು ಆದರೂ ನಡೆಯುತ್ತದೆ. ಗುಲಾಬಿ, ದಾಸವಾಳ, ಮಲ್ಲಿಗೆ, ಚೆಂಡು ಹೂ ಎಲ್ಲ ಪೂರ್ಣ ಬಿಸಿಲಿನವು. ಬಿಸಿಲು ಸಾಲದಿದ್ದರೆ ಇವು ಕೂಡಲೇ ಸಾಯುವುದಿಲ್ಲ, ತೊಡಕಿರುವುದೇ ಅಲ್ಲಿ. ಎಲೆ ಹಸಿರಾಗಿಯೇ ಇರುತ್ತದೆ, ಕೊಂಬೆ ಸಪೂರವಾಗಿ ಉದ್ದಕ್ಕೆ ಚಾಚುತ್ತದೆ, ಮೊಗ್ಗು ಮಾತ್ರ ಕಾಣುವುದಿಲ್ಲ. ನಾವು ಗೊಬ್ಬರ ಸಾಲದೇನೋ ಎಂದು ಸುರಿಯುತ್ತೇವೆ. ಸಾರಜನಕ ಹೆಚ್ಚಾಗಿ ಇನ್ನಷ್ಟು ಎಲೆ ಬರುತ್ತದೆ. ಬಿಗೋನಿಯ, ಇಂಪೇಷನ್ಸ್‌ನಂಥವು ಅರೆನೆರಳಲ್ಲೂ ಧಾರಾಳವಾಗಿ ಹೂ ಬಿಡುತ್ತವೆ. ಬಿಸಿಲು ಕಡಿಮೆ ಇರುವವರು ಗುಲಾಬಿಯ ಹಟ ಬಿಟ್ಟು ಇವನ್ನು ನೆಡುವುದು ಜಾಣತನ ಎಂಬುದು ನನ್ನ ಅಭಿಪ್ರಾಯ.

ಗಂಟೆಯ ಜೊತೆಗೆ ಹೊತ್ತನ್ನೂ ನೋಡಬೇಕು. ಪೂರ್ವದ ಬಿಸಿಲು ಗಾಳಿ ಇನ್ನೂ ತಂಪಾಗಿರುವಾಗ ಬೀಳುತ್ತದೆ. ಪಶ್ಚಿಮದ್ದು ಗೋಡೆ, ನೆಲ ಎಲ್ಲ ಕಾದ ಮೇಲೆ ಬರುವಂಥದ್ದು. ಅದೇ ನಾಲ್ಕು ಗಂಟೆ ಒಂದು ಕಡೆ ಹಿತ, ಇನ್ನೊಂದು ಕಡೆ ಎಳೆ ಎಲೆಗೆ ಸುಡು. ಋತು ಬದಲಾದಂತೆ ಸೂರ್ಯನ ದಾರಿಯೂ ಸರಿಯುತ್ತದೆ. ಉತ್ತರ ಗೋಳಾರ್ಧದಲ್ಲಿ ಚಳಿಗಾಲದ ಸೂರ್ಯ ದಕ್ಷಿಣಕ್ಕೆ ವಾಲುತ್ತಾನೆ, ದಕ್ಷಿಣ ಗೋಳಾರ್ಧದಲ್ಲಿ ಉತ್ತರಕ್ಕೆ. ಹಾಗಾಗಿ ಒಂದು ದಿನದ ಅಳತೆ ವರ್ಷಕ್ಕೆಲ್ಲ ಆಗದು.

ಕೋಣೆಯೊಳಗೆ ನಮ್ಮ ಕಣ್ಣನ್ನು ನಂಬಬೇಡಿ. ಬೆಳಕು ಕಡಿಮೆಯಾದರೆ ಕಣ್ಣಿನ ಪಾಪೆ ಹಿಗ್ಗಿ ಸರಿದೂಗಿಸಿಕೊಳ್ಳುತ್ತದೆ, ಎಲೆಗೆ ಆ ಉಪಾಯವಿಲ್ಲ. ಕಿಟಕಿಯಿಂದ ಎರಡು ಹೆಜ್ಜೆ ಒಳಗೆ ಬಂದರೇ ಬೆಳಕು ಬಹಳ ಕುಸಿದಿರುತ್ತದೆ.

ಬೆಳಕಿನಷ್ಟೇ ಕತ್ತಲೆಯನ್ನೂ ಬೇಡುವ ಗಿಡಗಳಿವೆ. 1920ರಲ್ಲಿ ಗಾರ್ನರ್ ಮತ್ತು ಅಲಾರ್ಡ್ ಎಂಬ ಅಮೆರಿಕದ ವಿಜ್ಞಾನಿಗಳು ಹಗಲಿನ ಉದ್ದಕ್ಕೂ ಹೂ ಬಿಡುವುದಕ್ಕೂ ಇರುವ ನಂಟನ್ನು ಪ್ರಕಟಿಸಿದರು. ನಿಜವಾಗಿ ಲೆಕ್ಕಕ್ಕೆ ಬರುವುದು ತಡೆಯಿಲ್ಲದ ಕತ್ತಲೆಯ ಅವಧಿ ಎಂದು ಮುಂದಿನ ಸಂಶೋಧನೆ ತೋರಿಸಿತು. ಸೇವಂತಿಗೆ, ಪಾಯಿನ್ಸೆಟಿಯಾ ಈ ಗುಂಪಿನವು. ರಾತ್ರಿಯಿಡೀ ದೀಪ ಉರಿಯುವ ಮೂಲೆಯಲ್ಲಿ ಸೇವಂತಿಗೆ ಹೂ ಬಿಡದಿದ್ದರೆ ಮಣ್ಣನ್ನು ದೂರಿ ಪ್ರಯೋಜನವಿಲ್ಲ.

ಗೋಡೆಗೆ ಒತ್ತಿಕೊಂಡ ಜಾಗದಲ್ಲಿ ಸೂರಿನ ಮರೆಗೆ ಮಳೆ ತಲುಪುವುದಿಲ್ಲ, ಸಿಮೆಂಟಿನ ಸುಣ್ಣದ ಅಂಶ ಇಳಿದು ಮಣ್ಣನ್ನು ಕ್ಷಾರೀಯ ಮಾಡುತ್ತದೆ. ಸ್ವಲ್ಪ ದೂರ ಬಿಟ್ಟು ನೆಡಿ.

ಮಣ್ಣಿನಲ್ಲಿ ಹುಡುಕಬೇಕಾದ್ದು ಗಾಳಿ

ಪಠ್ಯಪುಸ್ತಕದ ಆದರ್ಶ ಮಣ್ಣಿನ ಗಾತ್ರದಲ್ಲಿ ಖನಿಜ ಕಣಗಳು ಸುಮಾರು 45%, ಸಾವಯವ ಅಂಶ 5%. ಉಳಿದರ್ಧ ಬರಿಯ ಸಂದು: 25% ನೀರು, 25% ಗಾಳಿ. ಬೇರಿಗೂ ಆಮ್ಲಜನಕ ಬೇಕು. ಸಂದುಗಳೆಲ್ಲ ನೀರಿನಿಂದ ತುಂಬಿದರೆ ಬೇರು ಉಸಿರುಗಟ್ಟಿ ಕೊಳೆಯುತ್ತದೆ. ಮೇಲೆ ಗಿಡ ಬಾಡಿದಂತೆ ಕಾಣುತ್ತದೆ, ನಾವು ಇನ್ನೊಂದು ಚೊಂಬು ನೀರು ಹಾಕುತ್ತೇವೆ!

ಮರಳಿನ ಕಣ 0.05ರಿಂದ 2 ಮಿ.ಮೀ., ಜೇಡಿಯದು 0.002 ಮಿ.ಮೀ.ಗಿಂತ ಸಣ್ಣದು, ನಡುವಿನದು ಹೂಳು. ಮರಳು ನೀರನ್ನು ಬಿಟ್ಟುಕೊಡುತ್ತದೆ, ಜೇಡಿ ಹಿಡಿದಿಡುತ್ತದೆ. ನಿಮ್ಮ ಮಣ್ಣು ಯಾವ ಜಾತಿ ಎಂದು ತಿಳಿಯಲು ಅಗಲ ಬಾಯಿಯ ಗಾಜಿನ ಬಾಟಲಿಯಲ್ಲಿ ಮೂರನೇ ಒಂದು ಭಾಗ ಮಣ್ಣು, ಉಳಿದದ್ದು ನೀರು ಹಾಕಿ ಚೆನ್ನಾಗಿ ಕುಲುಕಿ ಇಡಿ. ಮರಳು ಒಂದೆರಡು ನಿಮಿಷದಲ್ಲಿ ತಳಕ್ಕೆ ಕೂರುತ್ತದೆ, ಹೂಳಿಗೆ ಕೆಲವು ಗಂಟೆ ಬೇಕು, ಜೇಡಿ ಒಂದು ದಿನ ಅಥವಾ ಇನ್ನೂ ಹೆಚ್ಚು ಹೊತ್ತು ತೇಲಿಕೊಂಡಿರುತ್ತದೆ. ಪದರಗಳ ದಪ್ಪ ನೋಡಿದರೆ ಪಾಲು ತಿಳಿಯುತ್ತದೆ.

ಜೇಡಿ ಹೆಚ್ಚಿದ್ದರೆ ಒಂದೆರಡು ಬುಟ್ಟಿ ಮರಳು ಬೆರೆಸಿದರಾಯಿತು ಎನ್ನುವವರಿದ್ದಾರೆ. ಸ್ವಲ್ಪ ಮರಳಿನ ಸುತ್ತ ಜೇಡಿ ತುಂಬಿಕೊಂಡು ಮಣ್ಣು ಇನ್ನಷ್ಟು ಗಟ್ಟಿಯಾಗುವುದುಂಟು. ಕಾಂಪೋಸ್ಟ್ ಅಥವಾ ಎರೆಗೊಬ್ಬರವೇ ಸರಿ, ಅದು ಕಣಗಳನ್ನು ಉಂಡೆಗಟ್ಟಿಸಿ ನಡುವೆ ಸಂದು ಬಿಡಿಸುತ್ತದೆ.

ಕುಂಡದ ವಿಷಯ ಬೇರೆ

ಒದ್ದೆ ಸ್ಪಂಜನ್ನು ಅಡ್ಡಲಾಗಿ ಹಿಡಿಯಿರಿ, ತೊಟ್ಟಿಕ್ಕಿ ನಿಲ್ಲುತ್ತದೆ. ಅದನ್ನೇ ನೆಟ್ಟಗೆ ಹಿಡಿದರೆ ಮತ್ತಷ್ಟು ನೀರು ಇಳಿಯುತ್ತದೆ. ಕುಂಡದ ಮಣ್ಣೂ ಹೀಗೆಯೇ. ತೂತು ಇದ್ದರೂ ತಳದಲ್ಲಿ ಒಂದಿಷ್ಟು ಎತ್ತರದವರೆಗೆ ನೀರು ನಿಂತೇ ಇರುತ್ತದೆ, ಆ ಎತ್ತರ ಮಿಶ್ರಣದ ಗುಣದ ಮೇಲೆ ನಿಂತಿದೆ. ಆದ್ದರಿಂದ ಗಿಡ್ಡ ಕುಂಡದಲ್ಲಿ ಬೇರಿಗೆ ಸಿಗುವ ಒಣ ಭಾಗ ಕಡಿಮೆ. ತಳಕ್ಕೆ ಜಲ್ಲಿ ಹಾಕಿದರೆ ನೀರು ಚೆನ್ನಾಗಿ ಬಸಿಯುತ್ತದೆ ಎಂಬ ನಂಬಿಕೆಯೂ ಇಲ್ಲಿ ಬೀಳುತ್ತದೆ: ನಿಂತ ನೀರು ಜಲ್ಲಿಯ ಮೇಲಕ್ಕೆ, ಬೇರಿನ ಹತ್ತಿರಕ್ಕೇ ಬರುತ್ತದೆ.

ಅಂಗಳದ ಮಣ್ಣನ್ನಷ್ಟೇ ತುಂಬಿದ ಕುಂಡ ಬೇಗ ಗಟ್ಟಿಯಾಗುತ್ತದೆ. ಮಣ್ಣು, ಕಾಂಪೋಸ್ಟ್, ಪರ್ಲೈಟ್ (ಹಗುರವಾದ ಬಿಳಿ ಖನಿಜದ ಹರಳು) ಅಥವಾ ದಪ್ಪ ಮರಳು, ಮೂರನ್ನೂ ಸಮಪಾಲಿನಲ್ಲಿ ಬೆರೆಸಿದರೆ ಆರಂಭಕ್ಕೆ ಸಾಕು. ಕೊಕೊಪೀಟ್, ಅಂದರೆ ತೆಂಗಿನ ನಾರಿನ ಪುಡಿ, ಹಗುರ, ನೀರು ಹಿಡಿಯುತ್ತದೆ. ಆದರೆ ಅದರಲ್ಲಿ ಉಪ್ಪಿನಂಶ ಇರಬಹುದು, ತೊಳೆದು ಬಳಸಿ.

ಮಣ್ಣು ಎಷ್ಟು ಆಮ್ಲೀಯ, ಎಷ್ಟು ಕ್ಷಾರೀಯ ಎಂದು ಹೇಳುವ ಅಳತೆ ರಸಸಾರ, ಅಂದರೆ ಪಿಎಚ್ (7 ತಟಸ್ಥ, ಕಡಿಮೆಯಾದರೆ ಆಮ್ಲ, ಹೆಚ್ಚಾದರೆ ಕ್ಷಾರ). ಅದರ ಬಗ್ಗೆ ಇಷ್ಟು ಸಾಕು: ಹೆಚ್ಚಿನ ಹೂಗಳಿಗೆ 6ರಿಂದ 7ರ ನಡುವೆ ಹಿತ. ಕ್ಷಾರ ಹೆಚ್ಚಾದರೆ ಕಬ್ಬಿಣ ಮಣ್ಣಲ್ಲಿದ್ದರೂ ಬೇರಿಗೆ ಸಿಗದೆ, ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿಯುತ್ತದೆ. ಹೈಡ್ರಾಂಜಿಯಾದ ಎಷ್ಟೋ ತಳಿಗಳು ಆಮ್ಲೀಯ ಮಣ್ಣಿನಲ್ಲಿ ಅಲ್ಯೂಮಿನಿಯಂ ಹೀರಿ ನೀಲಿಯಾಗುತ್ತವೆ, ಕ್ಷಾರದಲ್ಲಿ ಗುಲಾಬಿ ಬಣ್ಣಕ್ಕೆ ತಿರುಗುತ್ತವೆ.

ಕೊನೆಗೆ ಜಾಗವನ್ನೂ ಮಣ್ಣನ್ನೂ ಕೂಡಿಸಿ ನೋಡಿ. ಎತ್ತರದ ಮಹಡಿಯ, ಗಾಳಿ ಬೀಸುವ ಪಶ್ಚಿಮದ ಬಾಲ್ಕನಿಯಲ್ಲಿ ಕುಂಡ ಬೇಗ ಒಣಗುತ್ತದೆ. ಅಲ್ಲಿ ಕಾಂಪೋಸ್ಟ್, ಕೊಕೊಪೀಟ್ ಹೆಚ್ಚಿಸಿ, ಪ್ಲಾಸ್ಟಿಕ್ ಕುಂಡ ಬಳಸಿದರೂ ಸರಿ. ನೆರಳಿನ ಮೂಲೆಯಲ್ಲಿ ಪರ್ಲೈಟಿನ ಪಾಲು ಏರಿಸಿ, ಮೈಯಿಂದಲೇ ತೇವ ಬಿಡುವ ಮಣ್ಣಿನ ಕುಂಡ ಇಡಿ. ಎರಡೂ ಕಡೆ ನೀರು ಹಾಕುವ ಮುನ್ನ ಬೆರಳನ್ನು ಎರಡು ಮೂರು ಸೆಂ.ಮೀ. ಆಳಕ್ಕೆ ಇಳಿಸಿ ನೋಡಿ, ತೇವ ತಗುಲಿದರೆ ಆ ದಿನ ಬೇಡ.