ಮುಚ್ಚಿದ ಬಾಯಿಯ ಕೂಗು: ಗಂಡು ಕಪ್ಪೆ ಕರೆಯುವ ಬಗೆ ಮತ್ತು ಕಾರಣ

ಮಿರಗದ ಮಳೆ ಜೋರಾಗಿ ಬಿದ್ದ ರಾತ್ರಿ ವಿಜಯಪುರ, ಬಾಗಲಕೋಟೆಯ ಎರೆಹೊಲಗಳಲ್ಲಿ ಒಡ್ಡಿನ ಬದಿಗೆ ನಿಂತ ನೀರಿನಿಂದ ಏಳುವ ಕೂಗು ಬಹುಪಾಲು ಗಂಡು ಕಪ್ಪೆಗಳದ್ದು. ಹೆಚ್ಚಿನ ಕಪ್ಪೆಗಳಲ್ಲಿ ಫಲೀಕರಣವು ದೇಹದ ಹೊರಗೆ, ನೀರಿನಲ್ಲಿ ನಡೆಯುತ್ತದೆ. ಆದ್ದರಿಂದ ಮೊಟ್ಟೆ ಹೊತ್ತ ಹೆಣ್ಣು ತನ್ನದೇ ಜಾತಿಯ ಗಂಡನ್ನು ಕತ್ತಲಲ್ಲಿ ಗುರುತಿಸಿ ತಲುಪಲೇಬೇಕು. ಮಳೆನೀರಿನ ಹೊಂಡದಲ್ಲಿ ಮೀನುಗಳ ಕಾಟ ಕಡಿಮೆಯಾದರೂ, ಅದು ಬತ್ತುವುದರೊಳಗೆ ಗೊದಮೊಟ್ಟೆಗಳು ಕಪ್ಪೆಗಳಾಗಬೇಕಾದ್ದರಿಂದ ಕಾಯಲು ಸಮಯವಿರುವುದಿಲ್ಲ. ಗೂಳಿಗಪ್ಪೆಗಳು ಮುಂಗಾರಿನ ಮೊದಲ ದೊಡ್ಡ ಮಳೆಗೇ ಒಟ್ಟುಗೂಡುವುದು, ಗಂಡುಗಳು ಹಳದಿ ಮೈಬಣ್ಣ ಮತ್ತು ನೀಲಿ ಧ್ವನಿಚೀಲಗಳಿಂದ ಎದ್ದು ಕಾಣುವುದು ಆಗಲೇ.

ಧ್ವನಿ ಎಲ್ಲಿ ಹುಟ್ಟುತ್ತದೆ ಎಂಬ ಹಂತವನ್ನು ನಿಧಾನವಾಗಿ ಓದಿರಿ. ಕೂಗುವ ಕಪ್ಪೆಯಲ್ಲಿ ಉಬ್ಬಿದ ಧ್ವನಿಚೀಲವೇ ಮೊದಲು ಕಣ್ಣಿಗೆ ಬೀಳುತ್ತದೆ, ಆದರೆ ಧ್ವನಿ ಅಲ್ಲಿ ಹುಟ್ಟುವುದಿಲ್ಲ. ಕಪ್ಪೆಗೆ ನಮ್ಮಂತೆ ವಪೆ (ಎದೆ ಮತ್ತು ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯು) ಇಲ್ಲ. ಅದು ಬಾಯಿಯ ತಳವನ್ನು ಇಳಿಸಿ ಮೂಗಿನ ಹೊಳ್ಳೆಗಳಿಂದ ಗಾಳಿ ಎಳೆದುಕೊಂಡು, ಹೊಳ್ಳೆಗಳನ್ನು ಮುಚ್ಚಿ, ತಳವನ್ನು ಎತ್ತಿ ಗಾಳಿಯನ್ನು ಶ್ವಾಸಕೋಶಕ್ಕೆ ನೂಕುತ್ತದೆ. ಕೂಗುವಾಗ ಬಾಯಿ ಮತ್ತು ಹೊಳ್ಳೆಗಳು ಮುಚ್ಚಿಯೇ ಇರುತ್ತವೆ. ಹೊಟ್ಟೆಯ ಪಕ್ಕದ ಸ್ನಾಯುಗಳು ಬಿಗಿದಾಗ ಶ್ವಾಸಕೋಶದ ಗಾಳಿ ಧ್ವನಿಪೆಟ್ಟಿಗೆಯ ಮೂಲಕ ನುಗ್ಗಿ ಧ್ವನಿತಂತುಗಳನ್ನು ಕಂಪಿಸುತ್ತದೆ. ಧ್ವನಿ ಹುಟ್ಟುವುದು ಇಲ್ಲಿಯೇ. ಅದೇ ಗಾಳಿ ಬಾಯಿಗೆ ಬಂದು, ಬಾಯಿಯ ತಳದಲ್ಲಿರುವ ಸೀಳುಗಳಿಂದ ಧ್ವನಿಚೀಲಕ್ಕೆ ಇಳಿದು ಅದನ್ನು ಉಬ್ಬಿಸುತ್ತದೆ. ಕುಲುಮೆಯ ತಿದಿ ಪ್ರತಿ ಸಲವೂ ಹೊರಗಿನ ಗಾಳಿಯನ್ನು ಎಳೆದುಕೊಳ್ಳಬೇಕು; ಇಲ್ಲಿ ಹಾಗಿಲ್ಲ, ಹಿಗ್ಗಿದ ಚೀಲ ಕುಗ್ಗುವಾಗ ಅದೇ ಗಾಳಿಯನ್ನು ಶ್ವಾಸಕೋಶಕ್ಕೆ ಹಿಂದಿರುಗಿಸುತ್ತದೆ. ಹೊಸದಾಗಿ ಉಸಿರು ತುಂಬಿಕೊಳ್ಳುವ ಶ್ರಮ ತಪ್ಪುವುದರಿಂದಲೇ ಕೂಗಿನ ಹಿಂದೆ ಕೂಗು ಬೇಗಬೇಗನೆ ಸಾಧ್ಯವಾಗುತ್ತದೆ. ಚೀಲದ ತೆಳುಗೋಡೆ ಧ್ವನಿಯನ್ನು ಹೊರಗಿನ ಗಾಳಿಗೆ ದಾಟಿಸುವ ಕೆಲಸವನ್ನೂ ಮಾಡುತ್ತದೆ. ಗಾಳಿ ಒಳಗೇ ಸುತ್ತುತ್ತದೆ, ಧ್ವನಿ ಮಾತ್ರ ಹೊರಗೆ ಹೋಗುತ್ತದೆ: ಇಷ್ಟನ್ನು ಹಿಡಿದುಕೊಂಡರೆ ಉಳಿದದ್ದು ಸುಲಭ.

ಕೇಳುವ ಕಿವಿಯೂ ಅಷ್ಟೇ ಮುಖ್ಯ. ಪೋರ್ಟೊ ರಿಕೊದ ಕೋಕಿ ಕಪ್ಪೆಯ ಕರೆಯಲ್ಲಿ ‘ಕೋ’ ಮತ್ತು ‘ಕೀ’ ಎಂಬ ಎರಡು ಸ್ವರಗಳಿವೆ. ಮೊದಲನೆಯದು ಇತರ ಗಂಡುಗಳಿಗೆ ಎಚ್ಚರಿಕೆ, ಎರಡನೆಯದು ಹೆಣ್ಣಿಗೆ ಆಹ್ವಾನ ಎಂದು ವಿಜ್ಞಾನಿಗಳಾದ ನಾರಿನ್ಸ್ ಮತ್ತು ಕ್ಯಾಪ್ರಾನಿಕಾ 1976ರಲ್ಲಿ ತೋರಿಸಿದರು. ಗಂಡು ಹೆಣ್ಣುಗಳ ಶ್ರವಣ ವ್ಯವಸ್ಥೆಯೇ ಈ ಸ್ವರಗಳಿಗೆ ಬೇರೆಬೇರೆಯಾಗಿ ಹೊಂದಿಕೊಂಡಿದೆ. ಈ ಇಡೀ ವಿಷಯದಲ್ಲಿ ಇದಕ್ಕಿಂತ ಸೊಗಸಾದ ಉದಾಹರಣೆ ನನಗೆ ಕಂಡಿಲ್ಲ.

ಒಂದೇ ಜಾತಿಯೊಳಗೆ ಸಾಮಾನ್ಯವಾಗಿ ದೊಡ್ಡ ಗಂಡಿನ ಸ್ವರ ತಗ್ಗು. ಕೂಗಿಗೆ ಅಪಾರ ಶಕ್ತಿ ವ್ಯಯವಾಗುವ ಕಾರಣ, ದೀರ್ಘಕಾಲ ಬಿಡದೆ ಕೂಗುವುದು ಗಂಡಿನ ಕಸುವಿಗೂ ಸಾಕ್ಷಿಯಾಗಬಲ್ಲದು. ಇದರಲ್ಲಿ ಅಪಾಯವೂ ಇದೆ: ಪನಾಮಾದ ತುಂಗಾರ ಕಪ್ಪೆ ಕರೆಗೆ ಸೇರಿಸುವ ‘ಚಕ್’ ಸದ್ದು ಹೆಣ್ಣನ್ನು ಹೆಚ್ಚು ಸೆಳೆಯುವಂತೆಯೇ ಕಪ್ಪೆ ತಿನ್ನುವ ಬಾವಲಿಯನ್ನೂ ಸೆಳೆಯುತ್ತದೆ.

ಬಿಡುಗಡೆಯ ಕರೆಯನ್ನು ಇವುಗಳೊಂದಿಗೆ ಬೆರೆಸಬಾರದು. ಗುಂಪಿನ ಗಡಿಬಿಡಿಯಲ್ಲಿ ಒಂದು ಗಂಡು ಇನ್ನೊಂದು ಗಂಡಿನ ಬೆನ್ನೇರಿ ಅಪ್ಪಿದಾಗ, ಕೆಳಗಿನದು ಮೈ ಅದುರಿಸಿ ಚಿಕ್ಕ ಚಿಕ್ಕ ಕೂಗು ಹಾಕುತ್ತದೆ. ಮೇಲಿನದು ಹಿಡಿತ ಸಡಿಲಿಸಿ ಬೇರೆಡೆಗೆ ಹೋಗುತ್ತದೆ.