ಎರಡು ದಂಡೆ, ಮೂರು ಸರ್ಕಾರ: ತುಂಗಭದ್ರೆಯ ತೆಪ್ಪಕ್ಕೆ ಇಷ್ಟು ಆಯುಷ್ಯ ಹೇಗೆ ಬಂತು?

ತೆಪ್ಪದ ನಡುವೆ ಒಂದು ಬೈಕು ನಿಂತಿದೆ. ಬೈಕಿನವನು ಹ್ಯಾಂಡಲ್ ಹಿಡಿದುಕೊಂಡು ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತಿದ್ದಾನೆ. ಇಬ್ಬರು ಹೆಂಗಸರು, ಒಂದು ಬುತ್ತಿ ಗಂಟು, ಒಂದು ಗೊಬ್ಬರದ ಚೀಲ. ಅಂಬಿಗ ಮುಂದಕ್ಕೆ ಬಾಗಿ ಹುಟ್ಟು ಹಾಕುತ್ತಿದ್ದಾನೆ. ಮೊಬೈಲಿನಲ್ಲಿದ್ದ ಈ ಫೋಟೊ ನೋಡಿ ಹುಬ್ಬಳ್ಳಿಯ ಗೆಳೆಯ ಕೇಳಿದ: "ಇದು ಯಾವ ಕಾಲದ್ದು ಮಾರಾಯ?"

ಅವನು ಆಗಷ್ಟೇ ಮಲ್ಪೆಗೆ ಹೋಗಿ ಬಂದಿದ್ದ. ಅಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಬೋಟು, ಟಿಕೆಟ್, ಲೈಫ್ ಜಾಕೆಟ್ ಎಲ್ಲ ಇದೆ. ಮಳೆಗಾಲ ಬಂತು ಅಂದರೆ ಬೋಟು ಬಂದ್. ಸಮುದ್ರ ದಾಟಲಿಕ್ಕೆ ಇಷ್ಟು ವ್ಯವಸ್ಥೆ ಇರುವಾಗ ಒಂದು ಹೊಳೆ ದಾಟಲಿಕ್ಕೆ ಯಾಕಿಲ್ಲ ಅಂತ ಅವನ ಪ್ರಶ್ನೆ.

ಪ್ರಶ್ನೆ ಸರಿಯಾಗಿಯೇ ಇದೆ. ಆದರೆ ಆ ದ್ವೀಪದಲ್ಲಿ ಯಾರ ಮನೆಯೂ ಇಲ್ಲ. ನಮ್ಮ ಹೊಳೆಯ ಆಚೆ ದಂಡೆಯಲ್ಲಿ ಬೀಗರಿದ್ದಾರೆ, ಹೊಲ ಇದೆ, ಮನೆದೇವರಿದ್ದಾರೆ. ಮಳೆಗಾಲ ಅಂತ ನೆಂಟಸ್ತನ ಬಂದ್ ಮಾಡಲು ಬರುವುದಿಲ್ಲ, ಅಲ್ವಾ?

ತುಂಗಭದ್ರೆ ಹಾವೇರಿ ಜಿಲ್ಲೆಯ ರಾಣೆಬೆನ್ನೂರು, ಹಾವೇರಿ ತಾಲ್ಲೂಕುಗಳ ಅಂಚಿನಲ್ಲಿ ಹರಿದು, ಗದಗ ಜಿಲ್ಲೆಯ ಶಿರಹಟ್ಟಿ, ಮುಂಡರಗಿ ಕಡೆ ಸಾಗುತ್ತದೆ. ನಡುವೆ ಗಳಗನಾಥದಲ್ಲಿ ವರದಾ ನದಿ ಬಂದು ಸೇರುತ್ತದೆ. ಆಚೆ ದಂಡೆಯಲ್ಲಿ ಹರಿಹರ, ಹರಪನಹಳ್ಳಿ, ಹೂವಿನಹಡಗಲಿ. ಮೈಲಾರ, ಕುರುವತ್ತಿಗಳೂ ಆಚೆಯೇ. ಭಾರತ ಹುಣ್ಣಿಮೆಯ ಹೊತ್ತಿಗೆ ವರ್ಷದ ಭವಿಷ್ಯ ನುಡಿಯುವ ಮೈಲಾರದ ಕಾರ್ಣಿಕ, ಶಿವರಾತ್ರಿಗೆ ಕುರುವತ್ತಿ ಬಸವಣ್ಣನ ಜಾತ್ರೆ. ಎರಡಕ್ಕೂ ಈ ಕಡೆಯ ಜನ ಹೊಳೆ ದಾಟಲೇಬೇಕು.

ದಾಟುವ ಸಾಧನವೂ ಹಳೆಯದು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಇದೇ ತುಂಗಭದ್ರೆಯ ಮೇಲೆ ಬುಟ್ಟಿಯ ಹಾಗಿದ್ದ ದುಂಡನೆಯ ದೋಣಿ ಕಂಡ. ಒಳಗೆ ಹೆಣಿಗೆ, ಹೊರಗೆ ತೊಗಲು. 15ರಿಂದ 20 ಜನ ಕೂರಬಹುದಿತ್ತು. ಬೇಕಾದರೆ ಕುದುರೆ, ಎತ್ತುಗಳನ್ನೂ ಹತ್ತಿಸುತ್ತಿದ್ದರು. ಆದರೆ ದನಕರು ಹೆಚ್ಚಾಗಿ ಈಜಿಯೇ ದಾಟುತ್ತಿದ್ದವು. ಈ ದೋಣಿ ನೆಟ್ಟಗೆ ಹೋಗುವುದಿಲ್ಲ, ಗಿರಗಿರ ತಿರುಗುತ್ತಲೇ ಇರುತ್ತದೆ ಅಂತಲೂ ಅವನು ಬರೆದಿದ್ದಾನೆ. ಮೊದಲ ಸಲ ಹರಿಗೋಲು, ಅಂದರೆ ನಮ್ಮ ಈ ತೆಪ್ಪ, ಹತ್ತಿದವರೆಲ್ಲ ಇವತ್ತಿಗೂ ಹೇಳುವುದು ಅದನ್ನೇ.

ತಿರುಗುವುದು ಅದರ ದೋಷ ಅಂತ ಅವನಿಗೆ ಅನ್ನಿಸಿರಬೇಕು. ನಮ್ಮ ಹೊಳೆಗೆ ಮಾತ್ರ ಅದೇ ಸರಿ. ಇಲ್ಲಿ ನೀರಿನಡಿ ಬಂಡೆಗಳಿವೆ, ಮರಳ ದಿಬ್ಬಗಳಿವೆ. ತಳ ಚೂಪಾದ ಉದ್ದನೆಯ ದೋಣಿ ಸಿಕ್ಕಿಹಾಕಿಕೊಳ್ಳುತ್ತದೆ. ತೆಪ್ಪದ ತಳ ಚಪ್ಪಟೆ. ಗೇಣುದ್ದ ನೀರಿದ್ದರೂ ತೇಲುತ್ತದೆ, ಬಂಡೆ ತಾಗಿದರೆ ಉಂಡೆಯ ಹಾಗೆ ಹೊರಳಿಕೊಂಡು ಆಚೆ ಹೋಗುತ್ತದೆ. ಬಿದಿರು ಸೀಳಿ ಹೆಣೆದರೆ ಮೈ ಆಯಿತು. ಹಿಂದೆ ಹೊರಗೆ ತೊಗಲು ಹೊದಿಸುತ್ತಿದ್ದರು. ಆಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಡಾಂಬರು ಬಂತು. ಈಗ ಫೈಬರ್ ತೆಪ್ಪಗಳೂ ಇವೆ. ಕೆಲಸ ಮುಗಿದ ಮೇಲೆ ಸಣ್ಣ ತೆಪ್ಪವನ್ನು ಒಬ್ಬನೇ ತಲೆ ಮೇಲೆ ಬೋರಲು ಹೊತ್ತು ಮನೆಗೆ ಹೋಗಬಹುದು. ದೂರದಿಂದ ನೋಡಿದರೆ ದೊಡ್ಡ ಆಮೆಯೊಂದು ಎದ್ದು ನಡೆದ ಹಾಗೆ ಕಾಣುತ್ತದೆ.

ಜಾಣತನ ಇರುವುದು ಅಂಬಿಗನ ಲೆಕ್ಕದಲ್ಲಿ. ಎದುರು ಕಾಣುವ ದಂಡೆಗೆ ನೇರವಾಗಿ ಹೊರಟರೆ ಸೆಳವು ಎಲ್ಲೋ ಕೆಳಗೆ ಒಯ್ದು ಬಿಡುತ್ತದೆ. ಅದಕ್ಕೆ ಅವನು ಮೊದಲು ದಂಡೆಯ ಗುಂಟ ಮೇಲಕ್ಕೆ ಹೋಗುತ್ತಾನೆ. ಅಲ್ಲಿಂದ ಬಿಟ್ಟರೆ ನೀರೇ ಓರೆಯಾಗಿ ಆಚೆಗೆ ಮುಟ್ಟಿಸುತ್ತದೆ. ಎಷ್ಟು ಮೇಲಕ್ಕೆ ಹೋಗಬೇಕು ಅನ್ನುವುದು ದಿನದಿನಕ್ಕೆ ಬೇರೆ. ನೀರಿನ ಬಣ್ಣ, ತೇಲಿ ಬರುವ ಕಸ, ಮಲೆನಾಡಿನ ಮಳೆ ಎಲ್ಲ ನೋಡಿ ತೀರ್ಮಾನ.

ಈ ಲೆಕ್ಕ ಬಲ್ಲವನೊಬ್ಬ 12ನೇ ಶತಮಾನದಲ್ಲೇ ಇಲ್ಲಿ ದೊಡ್ಡ ಹೆಸರಾದ. ಬಸವಣ್ಣನ ಕಾಲದ ಅಂಬಿಗರ ಚೌಡಯ್ಯ. ವಚನದ ಅಂಕಿತದಲ್ಲಿ ದೇವರ ಹೆಸರು ಹಾಕದೆ ತನ್ನ ಹೆಸರನ್ನೇ, ಅದೂ ಕಸುಬಿನ ಸಮೇತ ಹಾಕಿಕೊಂಡ ಖಡಕ್ ಮನುಷ್ಯ. ರಾಣೆಬೆನ್ನೂರು ತಾಲ್ಲೂಕಿನಲ್ಲಿ ಹೊಳೆ ದಂಡೆಯ ಚೌಡಯ್ಯದಾನಪುರಕ್ಕೆ ಮೊದಲು ಶಿವಪುರ ಅಂತ ಹೆಸರಿತ್ತು. ಚೌಡಯ್ಯನಿಗೆ ದಾನವಾಗಿ ಬಂದ ಊರಾದ್ದರಿಂದ ಈಗಿನ ಹೆಸರು ಅಂತ ಜನ ಹೇಳುತ್ತಾರೆ. ಅಲ್ಲಿನ ಮುಕ್ತೇಶ್ವರ ಗುಡಿ ನೋಡಲು ದೂರದವರು ಬರುತ್ತಾರೆ. ಚೌಡಯ್ಯನ ಐಕ್ಯ ಮಂಟಪ ಮಾತ್ರ ಹೊಳೆಗೆ ತೀರ ಹತ್ತಿರ. ನೀರು ಏರಿದಾಗ ಮೊದಲು ತೊಯ್ಯುವುದು ಅದೇ. ಜನವರಿ 21ಕ್ಕೆ ರಾಜ್ಯದ ಕಚೇರಿಗಳಲ್ಲೆಲ್ಲ ಅವನ ಫೋಟೊಕ್ಕೆ ಹಾರ ಬೀಳುತ್ತದೆ. ಮಂಟಪಕ್ಕೂ ಅಷ್ಟೇ ಕಾಳಜಿ ಸಿಕ್ಕಿದ್ದರೆ ಚೆನ್ನಾಗಿತ್ತು.

ಇರಲಿ, ಗೆಳೆಯನ ಪ್ರಶ್ನೆಗೆ ಬರೋಣ. ಸೇತುವೆ ಯಾಕೆ ತಡವಾಯಿತು?

ನನಗೆ ತಿಳಿದ ಮಟ್ಟಿಗೆ ದೊಡ್ಡ ಕಾರಣ ನೀರಲ್ಲ, ನಕಾಶೆ. ಬಳ್ಳಾರಿ ಸೀಮೆ 1800ರಲ್ಲಿ ನಿಜಾಮನಿಂದ ಕಂಪನಿ ಸರ್ಕಾರದ ಕೈಗೆ ಬಂದು ಮದ್ರಾಸಿಗೆ ಸೇರಿತು. ಧಾರವಾಡ ಸೀಮೆ 1818ರಲ್ಲಿ ಪೇಶ್ವೆಗಳು ಸೋತ ಮೇಲೆ ಮುಂಬಯಿ ಪಾಲಾಯಿತು. ಹರಿಹರ ಮೈಸೂರಿನದು. ಅಂದರೆ ರಾಣೆಬೆನ್ನೂರಿನ ದಂಡೆಯಲ್ಲಿ ನಿಂತವನ ಎದುರು ಬೇರೆ ಸರ್ಕಾರ. ಸ್ವಲ್ಪ ಕೆಳಗೆ ನಡೆದರೆ ಎದುರಿಗೆ ಇನ್ನೊಂದು ಸರ್ಕಾರ. ಕನ್ನಡ ಒಂದೇ, ರೊಟ್ಟಿ ಒಂದೇ. ಕಚೇರಿ ಮಾತ್ರ ಒಬ್ಬರದು ಮುಂಬಯಿಯಲ್ಲಿ, ಒಬ್ಬರದು ಮದ್ರಾಸಿನಲ್ಲಿ, ಮತ್ತೊಬ್ಬರದು ಮೈಸೂರು ರಾಜ್ಯದಲ್ಲಿ. ಹೊಳೆ ನಡುವಿನ ಸೇತುವೆಗೆ ದುಡ್ಡು ಯಾರು ಹಾಕಬೇಕು? ಗಡಿಯಂಚಿನ ಹಳ್ಳಿ ಯಾವ ಸರ್ಕಾರಕ್ಕಾದರೂ ಕೊನೆಯ ಹಳ್ಳಿಯೇ.

ದೊಡ್ಡವರಿಗೆ ಬೇಕಾದ ಕಡೆ ಮಾತ್ರ ಕೆಲಸ ಬೇಗ ಆಯಿತು. 1800ರ ಜೂನ್‌ನಲ್ಲಿ ಕಂಪನಿಯ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿಯ ಸೈನ್ಯ, ಕಂಪನಿಗೆ ಎದುರುಬಿದ್ದಿದ್ದ ಧೋಂಡಿಯಾ ವಾಘನ ಬೆನ್ನಟ್ಟಿ ಹರಿಹರದ ಬಳಿ ಹೊಳೆ ದಾಟಿ ರಾಣೆಬೆನ್ನೂರು ಹಿಡಿಯಿತು. ಮುಂದೆ ಡ್ಯೂಕ್ ಆಫ್ ವೆಲ್ಲಿಂಗ್ಟನ್ ಆದವನು ಇವನೇ. ಬೆಂಗಳೂರಿನಿಂದ ಧಾರವಾಡಕ್ಕೆ ಹೋಗುವ ದಾರಿ ಇದೇ ಆದ್ದರಿಂದ ಹರಿಹರದಲ್ಲಿ ಸೇತುವೆ ಎದ್ದಿತು. 1868ರಲ್ಲಿ ಮುಗಿಯಿತು. ಕಲ್ಲು, ಇಟ್ಟಿಗೆಯ 14 ಕಮಾನುಗಳು, ಒಂದೊಂದು 60 ಅಡಿ ಅಗಲ. ಆಗಿನ ಸುಮಾರು 3 ಲಕ್ಷ ರೂಪಾಯಿ ಖರ್ಚು.

ಅದೇ 1868ರಲ್ಲಿ ಮುಂಬಯಿ ಸರ್ಕಾರ ದೋಣಿ ದಾಟುಗಳಿಗೆ ಒಂದು ಕಾಯ್ದೆ ಮಾಡಿತು. ಸರ್ಕಾರ ಒಂದು ದಾಟುವ ಜಾಗವನ್ನು ಸಾರ್ವಜನಿಕ ಅಂತ ಸಾರಬಹುದು, ದರ ಗೊತ್ತು ಮಾಡಬಹುದು, ವಸೂಲಿಯ ಹಕ್ಕನ್ನು ಗುತ್ತಿಗೆಗೆ ಕೊಡಬಹುದು. ಹೆದ್ದಾರಿಗೆ ಸೇತುವೆ, ಉಳಿದವರಿಗೆ ದೋಣಿಯ ಗುತ್ತಿಗೆ. ಬೇಕಂತಲೇ ಹೀಗೆ ಹಂಚಿದರು ಅಂತ ನಾನು ಹೇಳುತ್ತಿಲ್ಲ. ಆದರೆ ಒಂದೇ ವರ್ಷ ಎರಡೂ ಆದದ್ದು ನೋಡಿದರೆ ಮುಂದಿನ ನೂರು ವರ್ಷದ ಕಥೆ ಅಲ್ಲೇ ಇದೆ ಅನ್ನಿಸುತ್ತದೆ. ಗುತ್ತಿಗೆ ಬಂದ ಮೇಲೆ ಅಂಬಿಗನ ಸ್ಥಿತಿಯೂ ಬದಲಾಯಿತು. ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಕಾಳು ಅಳೆಸಿಕೊಂಡು ವರ್ಷವಿಡೀ ಊರವರನ್ನು ದಾಟಿಸುವ ಪದ್ಧತಿ ಒಂದು. ತಲೆಗಿಷ್ಟು ಅಂತ ಕಾಸು ಎಣಿಸುವ ಗುತ್ತಿಗೆದಾರನ ಕೈಕೆಳಗೆ ಹುಟ್ಟು ಹಾಕುವುದು ಇನ್ನೊಂದು.

1953ರಲ್ಲಿ ಹಡಗಲಿ, ಹರಪನಹಳ್ಳಿ ಮೈಸೂರಿಗೆ ಸೇರಿದವು. 1956ರಲ್ಲಿ ಧಾರವಾಡವೂ ಬಂತು. ಆ ಹಂಚಿಕೆಯಾದ ಮೇಲೆ ಮೊದಲ ಸಲ ಎರಡೂ ದಂಡೆಗೆ ಒಂದೇ ಸರ್ಕಾರ. ಆಮೇಲೆ ಸೇತುವೆಗಳು ಬಂದವು, ಮುಂಡರಗಿ ತಾಲ್ಲೂಕಿನ ಕೊರ್ಲಹಳ್ಳಿಯಿಂದ ಹಡಗಲಿ ಕಡೆಗಿರುವ ಸೇತುವೆಯ ಹಾಗೆ. ಆದರೆ ಸೇತುವೆಯಿಂದ ಸೇತುವೆಗೆ ದೂರ ಜಾಸ್ತಿ. ಕೂಗಿದರೆ ಕೇಳುವ ಊರಿಗೆ ಬಸ್ಸು ಹಿಡಿದು ಸುತ್ತಿ ಬರಬೇಕೆಂದರೆ ಅರ್ಧ ದಿನದ ಕೆಲಸ. ತೆಪ್ಪ ಉಳಿದದ್ದು ಈ ಅರ್ಧ ದಿನದ ಆಸೆಗೆ.

ಇತ್ತೀಚೆಗೆ ಹೊಳೆಯೂ ಹಳೆಯದಾಗಿ ಉಳಿದಿಲ್ಲ. ಹಮ್ಮಿಗಿಯಲ್ಲಿ ಸಿಂಗಟಾಲೂರು ಏತ ನೀರಾವರಿಗೆ ಬ್ಯಾರೇಜ್ ಆಯಿತು. ಹಿನ್ನೀರು ನಿಂತ ಕಡೆ ಬೇಸಿಗೆಯಲ್ಲೂ ನಡೆದು ದಾಟುವ ಹಾಗಿಲ್ಲ. ಇನ್ನು ಕೆಲವೆಡೆ ನೀರು ಇಳಿದರೂ ಭಯ ಇಳಿಯುವುದಿಲ್ಲ. ಮರಳು ತೋಡಿದ ಗುಂಡಿಗಳಿವೆಯಲ್ಲ! ಅಜ್ಜ ಮೊಣಕಾಲು ನೀರಲ್ಲಿ ದಾಟಿದ ಜಾಗ ಅಂತ ನಂಬಿ ಇಳಿದರೆ ಎರಡಾಳು ಆಳ. ಅಂಬಿಗನಿಗೆ ಕಣ್ಣಿಗೆ ಕಂಡ ಬಂಡೆಯ ಲೆಕ್ಕ ಗೊತ್ತು. ನಿನ್ನೆ ರಾತ್ರಿ ಯಾರೋ ತೋಡಿದ ಗುಂಡಿಯ ಲೆಕ್ಕ ಅವನಿಗೂ ಗೊತ್ತಾಗುವುದಿಲ್ಲ.

ಲೈಫ್ ಜಾಕೆಟ್ಟಿನ ವಿಚಾರಕ್ಕೆ ಬಂದರೆ, ಕಾನೂನೂ ತೆಪ್ಪವನ್ನು ಬಹಳ ಕಾಲ ಲೆಕ್ಕಕ್ಕೆ ಇಟ್ಟಿರಲಿಲ್ಲ. ಒಳನಾಡಿನ ಹಡಗುಗಳಿಗೆ 1917ರಲ್ಲಿ ಬಂದ ಕಾಯ್ದೆ ಹುಟ್ಟಿದ್ದೇ ಹಬೆಯಿಂದ ಓಡುವ ಹಡಗುಗಳಿಗಾಗಿ. ಅದರ ಜಾಗದಲ್ಲಿ 2021ರಲ್ಲಿ ಹೊಸ ಕಾಯ್ದೆ ಬಂತು. ಎಂಜಿನ್ ಇಲ್ಲದ ದೋಣಿಗಳಿಗೂ ಅದರಲ್ಲಿ ಒಂದು ಅಧ್ಯಾಯ ಇದೆ. ಕಾಗದದ ಮೇಲೆ ಅಂಬಿಗನಿಗೆ ಜಾಗ ಸಿಕ್ಕಿದೆ. ಜಾಕೆಟ್ಟು ಮಾತ್ರ ನನ್ನ ಫೋಟೊದಲ್ಲಿ ಯಾರ ಮೈಮೇಲೂ ಇಲ್ಲ, ಅಂಬಿಗನ ಮೈಮೇಲೂ.

ಇಷ್ಟೆಲ್ಲ ಕೇಳಿಸಿಕೊಂಡ ಗೆಳೆಯನಿಗೆ ಹುಮ್ಮಸ್ಸು ಬಂತು. ಬರುವ ಭಾರತ ಹುಣ್ಣಿಮೆಗೆ ಮೈಲಾರಕ್ಕೆ ಹೋಗೋಣ, ತೆಪ್ಪದಲ್ಲೇ ದಾಟೋಣ ಅಂದ. ಆ ಹೊತ್ತಿಗೆ ಹೊಳೆಯಲ್ಲಿ ನೀರು ಸಣ್ಣಗಾಗಿರುತ್ತದೆ, ಜಾತ್ರೆಯ ಚಕ್ಕಡಿಗಳು ನೀರಿಗೇ ಇಳಿಯುತ್ತವೆ, ಪ್ಯಾಂಟು ಮಡಚಿಕೊಳ್ಳಲು ತಯಾರಾಗು ಅಂದೆ.