ಒಂದೇ ದಿನ ಹೊರಟ ಎರಡು ಪಾರ್ಸೆಲ್: ಅಮೆರಿಕದಲ್ಲಿ ಪಿಸ್ತೂಲು ರಾಜ್ಯದ ಗಡಿ ದಾಟುವ ಕಥೆ

1963ರ ಮಾರ್ಚ್ 20. ಅಮೆರಿಕದ ಎರಡು ಊರುಗಳಿಂದ ಎರಡು ಪಾರ್ಸೆಲ್ ಹೊರಟವು. ಒಂದು ಶಿಕಾಗೊದಿಂದ, ಇನ್ನೊಂದು ಲಾಸ್ ಏಂಜಲೀಸ್‌ನಿಂದ. ಎರಡೂ ತಲುಪಬೇಕಿದ್ದದ್ದು ಟೆಕ್ಸಾಸ್‌ನ ಡಲ್ಲಾಸ್‌ನಲ್ಲಿದ್ದ ಹೈಡೆಲ್ ಎಂಬುವನಿಗೆ. ಹಾಗೊಬ್ಬ ಮನುಷ್ಯನೇ ಇರಲಿಲ್ಲ, ಅದು ಲೀ ಹಾರ್ವಿ ಆಸ್ವಾಲ್ಡ್ ಇಟ್ಟುಕೊಂಡಿದ್ದ ಸುಳ್ಳು ಹೆಸರು.

ಶಿಕಾಗೊದ ಪಾರ್ಸೆಲ್‌ನಲ್ಲಿ ದುರ್ಬೀನು ಕೂಡಿಸಿದ ಇಟಲಿಯ ಹಳೇ ರೈಫಲ್ ಇತ್ತು. ಬೆಲೆ 19.95 ಡಾಲರ್. ಅದು ಅಂಚೆಯಲ್ಲಿ ಬಂತು. ಲಾಸ್ ಏಂಜಲೀಸ್‌ನದ್ದು ಸ್ಮಿತ್ ಅಂಡ್ ವೆಸ್ಸನ್ ರಿವಾಲ್ವರ್, 29.95 ಡಾಲರ್. ಅದು ಬಂದದ್ದು ರೈಲ್ವೆ ಎಕ್ಸ್‌ಪ್ರೆಸ್ ಎಂಬ ಖಾಸಗಿ ಪಾರ್ಸೆಲ್ ಕಂಪನಿಯ ಮೂಲಕ, ಹತ್ತು ಡಾಲರ್ ಮುಂಗಡ, ಉಳಿದದ್ದು ಮಾಲು ಕೈಗೆ ಸಿಕ್ಕಾಗ, ನಮ್ಮ ಹಳೇ ವಿ.ಪಿ.ಪಿ. ಥರ. ಎಂಟು ತಿಂಗಳಾದ ಮೇಲೆ, ನವೆಂಬರ್ 22ರಂದು, ಆ ರೈಫಲ್‌ನಿಂದ ಅಧ್ಯಕ್ಷ ಕೆನಡಿ ಸತ್ತರು. ಸುಮಾರು ಮುಕ್ಕಾಲು ಗಂಟೆಯಲ್ಲೇ ಆ ರಿವಾಲ್ವರ್‌ನಿಂದ ಡಲ್ಲಾಸ್ ಪೊಲೀಸ್ ಟಿಪ್ಪಿಟ್ ಸತ್ತರು.

ರೈಫಲ್ ಅಂಚೆಯಲ್ಲಿ ಬಂತು, ರಿವಾಲ್ವರ್ ಯಾಕೆ ಬರಲಿಲ್ಲ? ಈ ಸಣ್ಣ ಪ್ರಶ್ನೆಯನ್ನು ಹಿಡಿದು ಹಿಂದಕ್ಕೆ ಹೋದರೆ, ಅಮೆರಿಕದಲ್ಲಿ ಪಿಸ್ತೂಲು ಕಳಿಸುವ, ಕೊಳ್ಳುವ ನಿಯಮಗಳು ಯಾಕೆ ಇಷ್ಟು ತೇಪೆ ತೇಪೆಯಾಗಿವೆ ಅನ್ನುವುದು ಗೊತ್ತಾಗುತ್ತದೆ.

ಅಲ್ಲಿ ಬಂದೂಕಿನ ಕಾನೂನು ಒಂದೊಂದು ರಾಜ್ಯಕ್ಕೆ ಒಂದೊಂದು. ನ್ಯೂಯಾರ್ಕ್ 1911ರಲ್ಲೇ ಸಲಿವನ್ ಕಾಯ್ದೆ ತಂದು, ಬಚ್ಚಿಟ್ಟುಕೊಳ್ಳಬಹುದಾದ ಚಿಕ್ಕ ಬಂದೂಕಿಗೆ ಲೈಸೆನ್ಸ್ ಬೇಕು ಎಂದಿತು. ಸರಿ, ಆದರೆ ಆ ಕಾಲದಲ್ಲಿ ಸಿಯರ್ಸ್‌ನಂಥ ಕಂಪನಿಗಳ ಕ್ಯಾಟಲಾಗ್‌ನಲ್ಲಿ ಹೊಲಿಗೆ ಯಂತ್ರ ಮಾರುವ ಹಾಗೆಯೇ ರಿವಾಲ್ವರ್ ಕೂಡ ಮಾರುತ್ತಿದ್ದರು. ಊರಲ್ಲಿ ಎಷ್ಟೇ ಬಿಗಿ ಕಾನೂನಿದ್ದರೂ ಬೇರೆ ರಾಜ್ಯದ ಕಂಪನಿಗೆ ಒಂದು ಕಾಗದ ಬರೆದು ದುಡ್ಡು ಕಳಿಸಿದರೆ ಸಾಕು, ಸರ್ಕಾರದ ಪೋಸ್ಟ್‌ಮ್ಯಾನೇ ಪಿಸ್ತೂಲನ್ನು ಮನೆ ಬಾಗಿಲಿಗೆ ತಂದುಕೊಡುತ್ತಿದ್ದ! ಇದು ಸರಿಯಲ್ಲ ಎಂದು ವಾಷಿಂಗ್ಟನ್ ರಾಜ್ಯದ ಸಂಸದ ಜಾನ್ ಮಿಲ್ಲರ್ ಪಟ್ಟು ಹಿಡಿದರು. 1927ರಲ್ಲಿ ಕಾನೂನು ಬಂತು. ಪಿಸ್ತೂಲು, ರಿವಾಲ್ವರ್‌ಗಳನ್ನು ಅಂಚೆಯಲ್ಲಿ ಜನಸಾಮಾನ್ಯರಿಗೆ ಕಳಿಸುವಂತಿಲ್ಲ. ಸೈನ್ಯ, ಪೊಲೀಸ್, ತಯಾರಕರು ಮತ್ತು ಡೀಲರ್‌ಗಳಿಗೆ ಮಾತ್ರ ವಿನಾಯಿತಿ.

ತೂತು ಎಲ್ಲಿತ್ತು ನೋಡಿ. ಅಂಚೆ ಬೇಡ ಎಂದರು, ಖಾಸಗಿ ಪಾರ್ಸೆಲ್ ಬೇಡ ಎನ್ನಲಿಲ್ಲ. ಕ್ಯಾಟಲಾಗ್‌ನವರು ಮೂಲೆಯಲ್ಲಿ "ಎಕ್ಸ್‌ಪ್ರೆಸ್ ಮೂಲಕ ಮಾತ್ರ" ಎಂದು ಅಚ್ಚು ಹಾಕಿಸಿದರೆ ಮುಗಿಯಿತು. ಆಸ್ವಾಲ್ಡ್‌ನ ರಿವಾಲ್ವರ್ ಬಂದದ್ದು ಇದೇ ತೂತಿನಿಂದ.

ನಡುವೆ ಇನ್ನೆರಡು ಕಾನೂನು ಬಂದವು. 1934ರದ್ದು ಗ್ಯಾಂಗ್‌ಸ್ಟರ್‌ಗಳ ಕಾಲದ್ದು. ಮೊದಲ ಕರಡಿನಲ್ಲಿ ಪಿಸ್ತೂಲೂ ಇತ್ತು, ಆಮೇಲೆ ಅದನ್ನು ಕೈಬಿಟ್ಟು ಮಷೀನ್‌ಗನ್, ಗಿಡ್ಡ ನಳಿಗೆಯ ಬಂದೂಕು, ಸೈಲೆನ್ಸರ್‌ಗಳಿಗೆ 200 ಡಾಲರ್ ತೆರಿಗೆ ಹಾಕಿದರು. 1938ರದ್ದು ಡೀಲರ್‌ಗಳಿಗೆ ಫೆಡರಲ್ (ಅಂದರೆ ಕೇಂದ್ರ ಸರ್ಕಾರದ) ಲೈಸೆನ್ಸ್ ತಂದಿತು, ವರ್ಷಕ್ಕೆ ಒಂದು ಡಾಲರ್ ಶುಲ್ಕ. ಅಪರಾಧಿಗೆ ಗೊತ್ತಿದ್ದೂ ಗೊತ್ತಿದ್ದೂ ಮಾರಬಾರದು ಎಂದಿತು. ಆದರೆ ಸಾವಿರ ಮೈಲಿ ಆಚೆ ಕೂಪನ್ ತುಂಬಿ ಕಳಿಸಿದವನು ಯಾರೆಂದು ಅಂಗಡಿಯವನಿಗೆ ಹೇಗೆ ಗೊತ್ತಾಗಬೇಕು?

ಇದನ್ನು ಮೊದಲು ಗಂಭೀರವಾಗಿ ಹಿಡಿದವರು ಕನೆಕ್ಟಿಕಟ್‌ನ ಸೆನೆಟರ್ ಥಾಮಸ್ ಡಾಡ್. 1961ರಿಂದಲೇ ಅಂಚೆ ಆರ್ಡರ್ ಬಂದೂಕುಗಳ ವಿಚಾರಣೆ ಶುರು ಮಾಡಿದ್ದರು. (ಕನೆಕ್ಟಿಕಟ್ ಕೋಲ್ಟ್‌ನಂಥ ಬಂದೂಕು ಕಂಪನಿಗಳ ತವರು. ಹೊರಗಿನಿಂದ ಬರುವ ಅಗ್ಗದ ಬಂದೂಕುಗಳು ಆ ಕಂಪನಿಗಳಿಗೂ ಬೇಡವಾಗಿದ್ದವು. ಹಾಗಾಗಿ ಡಾಡ್ ಅವರ ಕಾಳಜಿಯನ್ನು ಪೂರ್ತಿ ನಿಸ್ವಾರ್ಥ ಎನ್ನಲು ನನಗೆ ಸ್ವಲ್ಪ ಹಿಂಜರಿಕೆ.) 1963ರ ಆಗಸ್ಟ್‌ನಲ್ಲಿ ಅವರು ಮಸೂದೆ ಮಂಡಿಸಿದರು, ಅದು ಪಿಸ್ತೂಲಿಗೆ ಮಾತ್ರ. ಮೂರು ತಿಂಗಳಲ್ಲಿ ಕೆನಡಿ ಹತ್ಯೆ. ಆಗ ರೈಫಲ್, ಶಾಟ್‌ಗನ್‌ಗಳನ್ನೂ ಸೇರಿಸಿದರು. ಇಷ್ಟಾದ ಮೇಲಾದರೂ ಮಸೂದೆ ಸರಾಗವಾಗಿ ಪಾಸಾಗಿರಬೇಕು ಅಲ್ವಾ? ಇಲ್ಲ. ಐದು ವರ್ಷ ಅದು ಸಮಿತಿಗಳಲ್ಲೇ ಕೊಳೆಯಿತು.

1968ರ ಏಪ್ರಿಲ್ 4ರಂದು ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾಯಿತು. ಜೂನ್ 5ರಂದು ರಾಬರ್ಟ್ ಕೆನಡಿಗೆ ಗುಂಡು ಬಿತ್ತು, ಮರುದಿನ ಅವರು ಸತ್ತರು. ಜೂನ್ 19ಕ್ಕೆ ಅಧ್ಯಕ್ಷ ಜಾನ್ಸನ್ ಸಹಿ ಹಾಕಿದ ದೊಡ್ಡ ಅಪರಾಧ ನಿಯಂತ್ರಣ ಕಾಯ್ದೆಯಲ್ಲಿ ರಾಜ್ಯದಿಂದ ರಾಜ್ಯಕ್ಕೆ ಪಿಸ್ತೂಲು ಮಾರಾಟ ನಿಂತಿತು. ಅಕ್ಟೋಬರ್ 22ಕ್ಕೆ ಬಂದ ಗನ್ ಕಂಟ್ರೋಲ್ ಆ್ಯಕ್ಟ್ ಉದ್ದ ಬಂದೂಕುಗಳನ್ನೂ ಒಳಗೆ ಎಳೆದುಕೊಂಡಿತು. ಜಾನ್ಸನ್‌ಗೆ ಬಂದೂಕುಗಳ ನೋಂದಣಿ, ಮಾಲೀಕರಿಗೆ ಲೈಸೆನ್ಸ್ ಎರಡೂ ಬೇಕಿತ್ತು. ಅವೆರಡೂ ಸಿಗಲಿಲ್ಲ.

ಸಿಕ್ಕಿದ್ದು ಒಂದು ಗಂಟು, ಇವತ್ತಿಗೂ ಅದು ಬಿಚ್ಚಿಲ್ಲ. ಬೇರೆ ರಾಜ್ಯದಿಂದ ಬರುವ ಪಿಸ್ತೂಲು ನೇರವಾಗಿ ನಿಮ್ಮ ಕೈಗೆ ಬರುವಂತಿಲ್ಲ, ನಿಮ್ಮ ರಾಜ್ಯದ ಲೈಸೆನ್ಸ್ ಇರುವ ಡೀಲರ್ ಕೈಗೇ ಬರಬೇಕು. ಅಲ್ಲಿನವರ ಬಾಯಲ್ಲಿ ಈ ಡೀಲರ್‌ಗೆ 'ಎಫ್‌ಎಫ್‌ಎಲ್' (ಫೆಡರಲ್ ಫೈರ್‌ಆರ್ಮ್ಸ್ ಲೈಸೆನ್ಸ್) ಎಂದೇ ಹೆಸರು, ಲೈಸೆನ್ಸಿನ ಹೆಸರೇ ಮನುಷ್ಯನ ಹೆಸರಾಗಿದೆ. ನ್ಯೂಜೆರ್ಸಿಯವನೊಬ್ಬ ಪೆನ್ಸಿಲ್ವೇನಿಯಾದ ಅಂಗಡಿಯಲ್ಲಿ ಪಿಸ್ತೂಲು ಮೆಚ್ಚಿದ ಎನ್ನಿ. ದುಡ್ಡು ಅಲ್ಲೇ ಕೊಡಬಹುದು, ಆದರೆ ಪಿಸ್ತೂಲು ಕೈಗೆ ಸಿಗುವುದಿಲ್ಲ. ಅಂಗಡಿಯವನು ಅದನ್ನು ನ್ಯೂಜೆರ್ಸಿಯ ಡೀಲರ್‌ಗೆ ಕಳಿಸುತ್ತಾನೆ, ಇವನು ಅಲ್ಲಿಗೆ ಹೋಗಿ, ನ್ಯೂಜೆರ್ಸಿಯ ಖರೀದಿ ಪರ್ಮಿಟ್ ತೋರಿಸಿ, 4473 ಎಂಬ ಫಾರಂ ತುಂಬಿ, ಹಿನ್ನೆಲೆ ತಪಾಸಣೆ ಮುಗಿಸಿ, ಆ ಡೀಲರ್‌ಗೆ ಟ್ರಾನ್ಸ್‌ಫರ್ ಫೀ ಕೊಟ್ಟು ತರಬೇಕು. ಡೀಲರ್ ಹತ್ತಿರ ಪಿಸ್ತೂಲು ಕೊಳ್ಳಲು 21 ವರ್ಷ ಆಗಿರಬೇಕು.

ಈ ನಿಯಮ ಅಪ್ಪ-ಮಕ್ಕಳಿಗೂ ಬಿಡುವುದಿಲ್ಲ. ಒಹಾಯೊದಲ್ಲಿರುವ ಅಪ್ಪ ಇಂಡಿಯಾನಾದಲ್ಲಿರುವ ಮಗನಿಗೆ ಹುಟ್ಟುಹಬ್ಬಕ್ಕೆ ಅಂತ ತನ್ನ ಪಿಸ್ತೂಲು ಕೊಟ್ಟರೆ ಅದು ಅಪರಾಧ, ನಡುವೆ ಡೀಲರ್ ಬೇಕು. ಅಪ್ಪ ಸತ್ತು ಉಯಿಲಿನ ಮೂಲಕ ಅದೇ ಪಿಸ್ತೂಲು ಮಗನಿಗೆ ಬಂದರೆ ಮಾತ್ರ ಫೆಡರಲ್ ಕಾನೂನು ಸುಮ್ಮನಿರುತ್ತದೆ. ಆದರೆ ಇಬ್ಬರು ಅಪರಿಚಿತರು ಒಂದೇ ರಾಜ್ಯದವರಾದರೆ, ರಾಜ್ಯದ ಕಾನೂನು ಬೇಡ ಎನ್ನದಿದ್ದರೆ, ಪಾರ್ಕಿಂಗ್ ಜಾಗದಲ್ಲಿ ನಿಂತು ತಪಾಸಣೆಯಿಲ್ಲದೆ ಕೈ ಬದಲಾಯಿಸಬಹುದು. ನನಗಂತೂ ಈ ಎರಡನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ತಲೆ ಗಿರ್ ಎನ್ನುತ್ತದೆ.

1986ರಲ್ಲಿ ಗಾಳಿ ಇನ್ನೊಂದು ಕಡೆಗೆ ತಿರುಗಿತ್ತು. ರೇಗನ್ ಕಾಲದ ಹೊಸ ಕಾಯ್ದೆ ಉದ್ದ ಬಂದೂಕುಗಳ ಹಗ್ಗ ಸಡಿಲಿಸಿತು. ಎರಡೂ ರಾಜ್ಯಗಳ ಕಾನೂನು ಒಪ್ಪಿದರೆ ಬೇರೆ ರಾಜ್ಯದ ಅಂಗಡಿಗೇ ಹೋಗಿ ರೈಫಲ್ ತರಬಹುದು. ಪಿಸ್ತೂಲಿಗೆ ಈ ಸಡಿಲ ಸಿಗಲಿಲ್ಲ. ಕಾರಣ 1911ರದ್ದೇ: ಅದು ಜೇಬಿಗೆ ಹಿಡಿಸುತ್ತದೆ.

ಅದೇ ಕಾಯ್ದೆಯಲ್ಲಿ ಪ್ರಯಾಣಿಕರಿಗೂ ಒಂದು ರಕ್ಷಣೆ ಇದೆ. ಹೊರಟ ಕಡೆ, ತಲುಪುವ ಕಡೆ ಎರಡೂ ಕಾನೂನುಬದ್ಧವಾಗಿದ್ದರೆ, ಗುಂಡು ತೆಗೆದು, ಕೈಗೆ ಸಿಗದ ಹಾಗೆ ಬೀಗ ಹಾಕಿಟ್ಟುಕೊಂಡು ನಡುವಿನ ರಾಜ್ಯಗಳನ್ನು ದಾಟಬಹುದು. ಕೇಳಲು ಸುಲಭ. 2005ರಲ್ಲಿ ಯೂಟಾದ ಒಬ್ಬ ಪ್ರಯಾಣಿಕ ಪೆನ್ಸಿಲ್ವೇನಿಯಾಕ್ಕೆ ಹೊರಟಿದ್ದ. ನ್ಯೂಜೆರ್ಸಿಯ ನ್ಯೂವಾರ್ಕ್‌ನಲ್ಲಿ ಮುಂದಿನ ಪ್ರಯಾಣ ತಪ್ಪಿತು, ಬ್ಯಾಗ್ ಅವನ ಕೈಗೆ ಬಂತು, ರಾತ್ರಿ ಹೋಟೆಲ್‌ನಲ್ಲಿ ಉಳಿದ. ಬೆಳಿಗ್ಗೆ ವಿಮಾನ ನಿಲ್ದಾಣದಲ್ಲಿ ಪ್ರಾಮಾಣಿಕವಾಗಿ "ಬ್ಯಾಗಿನಲ್ಲಿ ಪಿಸ್ತೂಲಿದೆ" ಎಂದ, ಅರೆಸ್ಟ್ ಆದ. ಕೇಸು ಆಮೇಲೆ ಬಿಟ್ಟರು. ಆದರೆ ಪರಿಹಾರ ಕೇಳಿದಾಗ 2010ರಲ್ಲಿ ಮೇಲ್ಮನವಿ ಕೋರ್ಟ್, ಹೋಟೆಲ್‌ನಲ್ಲಿ ಬ್ಯಾಗ್ ಕೈಗೆ ಸಿಗುವಂತೆ ಇತ್ತಲ್ಲ, ರಕ್ಷಣೆ ಅಲ್ಲಿಗೆ ಮುಗಿಯಿತು ಎಂದಿತು.

ಇನ್ನು ಹಿನ್ನೆಲೆ ತಪಾಸಣೆ. 1981ರಲ್ಲಿ ರೇಗನ್ ಮೇಲೆ ಗುಂಡು ಹಾರಿಸಿದ ಜಾನ್ ಹಿಂಕ್ಲಿ ರಿವಾಲ್ವರ್ ಕೊಂಡದ್ದು ಡಲ್ಲಾಸ್‌ನ ಒಂದು ಗಿರವಿ ಅಂಗಡಿಯಲ್ಲಿ. ಫಾರಂನಲ್ಲಿ ತಾನಾಗ ವಾಸವಿರದ ವಿಳಾಸ ಬರೆದಿದ್ದ. ಯಾರೂ ನೋಡಲಿಲ್ಲ, ನೋಡುವ ವ್ಯವಸ್ಥೆಯೇ ಇರಲಿಲ್ಲ. ಆವತ್ತು ತಲೆಗೆ ಗುಂಡು ಬಿದ್ದ ಪತ್ರಿಕಾ ಕಾರ್ಯದರ್ಶಿ ಜೇಮ್ಸ್ ಬ್ರೇಡಿ ಹೆಸರಿನ ಕಾಯ್ದೆ ಬರಲು ಹನ್ನೆರಡು ವರ್ಷ ಹಿಡಿಯಿತು, 1993. ಮೊದಲು ಐದು ದಿನ ಕಾಯುವ ನಿಯಮ, 1998ರ ನವೆಂಬರ್ 30ರಿಂದ ತಕ್ಷಣ ಉತ್ತರ ಕೊಡುವ ದೇಶವ್ಯಾಪಿ ತಪಾಸಣೆ.

ಇಲ್ಲಿಂದ ವಾದ ಹೊಸ ದಾರಿ ಹಿಡಿಯಿತು. ಎಲ್ಲ ರಾಜ್ಯದ ಅಂಗಡಿಯೂ ಅದೇ ಕಂಪ್ಯೂಟರನ್ನು ಕೇಳುವುದಾದರೆ, ನನ್ನ ರಾಜ್ಯದ ಡೀಲರೇ ಯಾಕೆ ಬೇಕು? ರಾಜಧಾನಿ ವಾಷಿಂಗ್ಟನ್ ಡಿಸಿಯ ದಂಪತಿ ಟೆಕ್ಸಾಸ್‌ನಲ್ಲಿ ಪಿಸ್ತೂಲು ಕೊಳ್ಳಲು ಹೋಗಿ ಇದೇ ಪ್ರಶ್ನೆಯನ್ನು ಕೋರ್ಟಿಗೆ ಒಯ್ದರು. ಡಿಸಿಯಲ್ಲಿ ಆಗ ಟ್ರಾನ್ಸ್‌ಫರ್ ಮಾಡಿಕೊಡುವ ಡೀಲರ್ ಇದ್ದದ್ದು ಒಬ್ಬನೇ, ಒಂದು ಪಿಸ್ತೂಲಿಗೆ 125 ಡಾಲರ್ ತೆಗೆದುಕೊಳ್ಳುತ್ತಿದ್ದ. 2015ರಲ್ಲಿ ಟೆಕ್ಸಾಸ್‌ನ ಫೆಡರಲ್ ಜಡ್ಜ್ ಈ ನಿಷೇಧ ಸಂವಿಧಾನಕ್ಕೆ ವಿರುದ್ಧ ಎಂದರು. 2018ರಲ್ಲಿ ಮೇಲ್ಮನವಿ ಕೋರ್ಟ್ ಅದನ್ನು ತಿರುಗಿಸಿತು. ಟೆಕ್ಸಾಸ್‌ನ ಅಂಗಡಿಯವನಿಗೆ ಐವತ್ತೂ ರಾಜ್ಯಗಳ ಪಿಸ್ತೂಲು ಕಾನೂನು ಗೊತ್ತಿರಲು ಸಾಧ್ಯವಿಲ್ಲ ಎಂಬುದು ಸರ್ಕಾರದ ವಾದ. ಪೂರ್ತಿ ಪೀಠ ಮತ್ತೆ ಕೇಳಬೇಕೇ ಎಂಬುದಕ್ಕೆ 8-7 ಮತ, ಬೇಡ ಎಂದವರು ಒಂದೇ ಮತದಿಂದ ಗೆದ್ದರು. 2020ರಲ್ಲಿ ಸುಪ್ರೀಂ ಕೋರ್ಟ್ ಕೈಗೆತ್ತಿಕೊಳ್ಳಲಿಲ್ಲ.

ಸರ್ಕಾರದ ವಾದ ನನಗೆ ಅರ್ಧ ಒಪ್ಪಿಗೆ. ರೈಫಲ್ ಮಾರುವಾಗ ಬೇರೆ ರಾಜ್ಯದ ಕಾನೂನು ಗೊತ್ತಿರುತ್ತದೆ, ಪಿಸ್ತೂಲಿಗೆ ಗೊತ್ತಿರುವುದಿಲ್ಲವೇ? ಆದರೆ ರಸ್ತೆಯ ಮೇಲಿನ ಸತ್ಯ ಬೇರೆ. ಜಾರ್ಜಿಯಾ, ವರ್ಜೀನಿಯಾ ಕಡೆಯಿಂದ ಐ-95 ಹೆದ್ದಾರಿ ಹಿಡಿದು ನ್ಯೂಯಾರ್ಕ್‌ಗೆ ಹೋಗುವ ಕಳ್ಳ ಪಿಸ್ತೂಲುಗಳ ದಾರಿಗೆ 'ಐರನ್ ಪೈಪ್‌ಲೈನ್' ಎಂದೇ ಹೆಸರು ಬಿದ್ದಿದೆ. ಅಲ್ಲಿನವನೊಬ್ಬನ ಹೆಸರಲ್ಲಿ ಕೊಳ್ಳುವುದು, ಕಾರಿನ ಡಿಕ್ಕಿಗೆ ಹಾಕುವುದು, ಉತ್ತರಕ್ಕೆ ಹೊರಡುವುದು. ಹೀಗೆ ಬೇನಾಮಿಯಾಗಿ ಕೊಳ್ಳುವುದನ್ನೇ ಪ್ರತ್ಯೇಕ ಫೆಡರಲ್ ಅಪರಾಧ ಮಾಡಿದ್ದು 2022ರಲ್ಲಿ, ಅಷ್ಟು ತಡವಾಗಿ.

ಅಲ್ಲಿರುವ ನಮ್ಮ ಕನ್ನಡದವರಿಗೆ ಒಂದು ಮಾತು. ಎಚ್-1ಬಿ ಅಥವಾ ವಿದ್ಯಾರ್ಥಿ ವೀಸಾದಲ್ಲಿದ್ದರೆ ರಾಜ್ಯದ ಗಡಿಯ ಪ್ರಶ್ನೆ ಆಮೇಲಿನದು. ಬೇಟೆ ಲೈಸೆನ್ಸ್‌ನಂಥ ಕೆಲವೇ ವಿನಾಯಿತಿ ಇಲ್ಲದೆ ಬಂದೂಕು ಇಟ್ಟುಕೊಳ್ಳುವುದೇ ಫೆಡರಲ್ ಅಪರಾಧ. ಗೆಳೆಯರ ಜೊತೆ ಶೂಟಿಂಗ್ ರೇಂಜ್‌ಗೆ ಹೋಗಿ ಬಾಡಿಗೆ ಪಿಸ್ತೂಲು ಹಿಡಿದು ಫೋಟೊ ಹಾಕುವವರು ಇದನ್ನು ಓದಿಕೊಂಡಿರುವುದು ಒಳ್ಳೆಯದು. ಗ್ರೀನ್ ಕಾರ್ಡ್ ಇರುವವರಿಗೆ ಈ ತಡೆ ಇಲ್ಲ.

ಕೊನೆಗೆ ಪಾರ್ಸೆಲ್‌ಗೇ ಬರೋಣ. ಬೇರೆ ರಾಜ್ಯದ ಡೀಲರ್‌ಗೆ ಅಥವಾ ರಿಪೇರಿಗೆ ಕಂಪನಿಗೆ ಸಾಮಾನ್ಯ ಮನುಷ್ಯನೂ ಖಾಸಗಿ ಕೊರಿಯರ್ ಮೂಲಕ ಪಿಸ್ತೂಲು ಕಳಿಸಬಹುದು ಎಂದು ಫೆಡರಲ್ ಕಾನೂನು ಈಗಲೂ ಹೇಳುತ್ತದೆ. ಆದರೆ ಕೊರಿಯರ್‌ನವರು ಬೇಡ ಅನ್ನುತ್ತಾರೆ. ದಾರಿಯಲ್ಲೇ ಪಿಸ್ತೂಲು ಕಳುವಾಗುತ್ತಿದ್ದವು ಎಂದು ಯುಪಿಎಸ್ 1999ರಲ್ಲಿ ಅವನ್ನು ದುಬಾರಿ ಮರುದಿನದ ವಿಮಾನ ಸೇವೆಯಲ್ಲಷ್ಟೇ ಒಪ್ಪಿಕೊಳ್ಳುವ ನಿಯಮ ತಂದಿತು. ಈಗ ಯುಪಿಎಸ್, ಫೆಡೆಕ್ಸ್ ಎರಡೂ ಲೈಸೆನ್ಸ್ ಇಲ್ಲದವರ ಪಿಸ್ತೂಲು ಮುಟ್ಟುವುದಿಲ್ಲ. ಆಸ್ವಾಲ್ಡ್‌ನ ಕಾಲದಲ್ಲಿ ಅಂಚೆ ಮುಚ್ಚಿತ್ತು, ಖಾಸಗಿ ಬಾಗಿಲು ತೆರೆದಿತ್ತು. ಈಗ ಖಾಸಗಿಯವರು ಬಾಗಿಲು ಹಾಕಿದ್ದಾರೆ, ಹಾಗಾಗಿ 1927ರ ಕಾನೂನನ್ನು ರದ್ದು ಮಾಡಿ ಅಂಚೆಯ ಬಾಗಿಲು ತೆರೆಸಿ ಎಂದು ಬಂದೂಕು ಮಾಲೀಕರ ಸಂಘಟನೆಗಳು 2025ರಲ್ಲಿ ಪೆನ್ಸಿಲ್ವೇನಿಯಾದ ಫೆಡರಲ್ ಕೋರ್ಟಿನಲ್ಲಿ ದಾವೆ ಹೂಡಿವೆ.